ಕಂಡಿಕೆ ಸುತ್ತಿದ ಬೆರಳು

ನನ್ನ ಅವ್ವ ಬೆಟಗೇರಿಯ ನೇಕಾರರ ಓಣಿಯವಳು. ಬಲಗೈಯಿಂದ ರಾಟಿ ತಿರುಗಿಸುತ್ತ, ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ನೂಲು ಹಾಯಿಸಿ, ಅಪ್ಪನ ಮಗ್ಗದ ಲಾಳಿಗೆ ಕಂಡಿಕೆ, ಅಂದರೆ ನೂಲಿನ ಸುರುಳಿ, ಸುತ್ತಿಕೊಡುವುದು ಅವಳ ಜೀವಮಾನದ ಕೆಲಸವಾಗಿತ್ತು. ಅಪ್ಪ ಮಗ್ಗ ಬಿಚ್ಚಿದ ಮೇಲೆ ಅವ್ವನಿಗೆ ಬಿಡುವು ಸಿಕ್ಕಿತು, ಬೆರಳುಗಳಿಗೆ ಸಿಗಲಿಲ್ಲ. ಟಿವಿ ಮುಂದೆ ಸುಮ್ಮನೆ ಕೂತಾಗಲೂ ಆ ಎರಡು ಬೆರಳು ಇಲ್ಲದ ನೂಲನ್ನು ಹೊಸೆಯುತ್ತಿದ್ದವು.

ಓಣಿಯ ಹೆಂಗಸರಿಗೆ ಅದೊಂದು ತಮಾಷೆ. ಮಗ್ಗ ಹೋದರೂ ರೂಢಿ ಹೋಗಲಿಲ್ಲ ಎಂದು ಚೇಷ್ಟೆ ಮಾಡುತ್ತಿದ್ದರು. ಅವ್ವನೂ ನಗುತ್ತಿದ್ದಳು. ಅವರನ್ನೇನು ದೂರಲಿ? ಲಕ್ಷ್ಮೇಶ್ವರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ, ವರ್ಷವರ್ಷವೂ ಬೋರ್ಡಿನ ಮೇಲೆ ಜೀವಕೋಶ ಬಿಡಿಸುವ ನಾನೇ ಮೂರು ವರ್ಷ ನಕ್ಕೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಅವ್ವನ ಕೈಯಲ್ಲಿ ಚಹಾದ ಕಪ್ಪು ತುಳುಕತೊಡಗಿ, ಹೆಜ್ಜೆ ಗಿಡ್ಡವಾದಾಗ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಪಾರ್ಕಿನ್ಸನ್ ಎಂದರು ಡಾಕ್ಟರು; ಬೆರಳು ಹೊಸೆಯುತ್ತಿದ್ದದ್ದೇ ಅದರ ಮೊದಲ ಗುರುತಂತೆ. ಮೆದುಳಿನಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ಸಾಯುತ್ತವೆ, ಅವುಗಳಿಗೆ ಶಕ್ತಿ ಕೊಡುವ ಮೈಟೋಕಾಂಡ್ರಿಯಗಳು ಕೆಟ್ಟಿರುತ್ತವೆ ಎಂದು ತಿಳಿಸಿ ಹೇಳಿದರು. ಮೈಟೋಕಾಂಡ್ರಿಯ ಎಂದರೇನು ಎಂದು ಅವರು ನನಗೇ ವಿವರಿಸುವಾಗ ನಾಚಿಕೆಯಿಂದ ತಲೆ ತಗ್ಗಿಸಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ನೋಡುತ್ತ ಹೇಳಿದಳು: "ಇದು ರೂಢಿ ಅಲ್ಲಂತ ನನಗ ಮೊದಲ ಗೊತ್ತಿತ್ತು. ನೂಲು ಹಿಡದಾಗ ಬೆರಳು ನನ್ನ ಮಾತು ಕೇಳ್ತಿದ್ವು. ಇವು ಕೇಳ್ತಿದ್ದಿಲ್ಲ. ನೀವೆಲ್ಲಾ ನಕ್ಕಿರಿ, ನಾನೂ ನಕ್ಕೆ."

ಅವ್ವ ಹೋಗಿ ಎರಡು ವರ್ಷವಾಯಿತು. ಮೈಟೋಕಾಂಡ್ರಿಯ ಮಕ್ಕಳಿಗೆ ತಾಯಿಯಿಂದ ಬರುತ್ತದೆ, ತಂದೆಯಿಂದಲ್ಲ ಎಂಬ ಪಾಠ ಬಂದಾಗ ಈಗ ನನ್ನ ದನಿ ಇಳಿಯುತ್ತದೆ. ಈ ಕಾಯಿಲೆ ಹಾಗೆ ತಾಯಿಯಿಂದ ಮಗಳಿಗೆ ಇಳಿದು ಬರುವಂಥದ್ದಲ್ಲ, ಬಹಳಷ್ಟು ಜನರಲ್ಲಿ ಮನೆತನದ ಕಾರಣವೇ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನನಗೂ ಗೊತ್ತು. ಗೊತ್ತಿದ್ದೂ ಹೆದರುತ್ತೇನೆ. ಹಲ್ಲುಜ್ಜುವಾಗ, ಬಸ್ಸಿನ ಕಂಬಿ ಹಿಡಿದಾಗ, ಹಾಜರಿ ಕೂಗುವಾಗ ಕಣ್ಣು ತಾನಾಗಿ ಕೈಯ ಮೇಲೆ ಹೋಗುತ್ತದೆ. ಅಲ್ಲಿ ಅವ್ವ ಕೂತಿದ್ದಾಳೇನೋ ಎಂದು ಹುಡುಕುತ್ತೇನೆ.

ಕಳೆದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟಿವಿ ನೋಡುತ್ತ ಕೂತಿದ್ದೆ. ಅಂದು ಕೈಯ ಮೇಲೆ ನನ್ನ ಲಕ್ಷ್ಯವಿರಲಿಲ್ಲ. ಏಳನೇ ತರಗತಿಯ ಮಗಳು ನನ್ನ ಮಡಿಲ ಕಡೆ ನೋಡಿ ಕೇಳಿದಳು:

"ಮಮ್ಮಿ, ಬೆರಳು ಯಾಕ ಹಂಗ ಹೊಸಿಯಾಕತ್ತಿ?"

ಕೆಳಗೆ ನೋಡಿದೆ. ತಕ್ಷಣ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ದಿನಾ ಚಾಕ್‌ಪೀಸ್ ಹಿಡದು ಹಿಡದು ರೂಢಿ ಆಗೇತಿ," ಎಂದೆ.

ನಾನು ಬೋರ್ಡಿನ ಮೇಲೆ ಬರೆಯುವುದು ಬಲಗೈಯಿಂದ. ಸೆರಗಿನೊಳಗಿದ್ದದ್ದು ಎಡಗೈ. ಮಗಳು ನಕ್ಕಳು. ನಾನೂ ನಕ್ಕೆ.