ಸುಣ್ಣದ ಬಕೆಟ್

ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಯಾರನ್ನೂ ಬಾಯಿಬಿಟ್ಟು ಹೇಳಿ ತಂಡದಿಂದ ಕೈಬಿಡುವುದಿಲ್ಲ. ಯಾವ ಊರಿಗೆ ಆಡಲು ಹೋದರೂ ಮೈದಾನಕ್ಕೆ ಗೆರೆ ಹಾಕುವುದು ನಾವೇ; ಪಂದ್ಯದ ಬೆಳಿಗ್ಗೆ ಅದಕ್ಕೆಂದು ಸುಣ್ಣದ ಪುಡಿಯ ಬಕೆಟ್ ಯಾರ ಕೈಗೆ ಬರುತ್ತದೋ ಅವನು ಅವತ್ತು ಆಡುವುದಿಲ್ಲ. ಅಷ್ಟೇ. ಕೋಲಾರದಲ್ಲಿ ನಾನು ಗೋಲ್‌ಕೀಪರ್ ಆಗಿ ಸೇರುವ ಮೊದಲೇ ಈ ಪದ್ಧತಿ ಇತ್ತು. ಈಗ ನಾನೇ ಮ್ಯಾನೇಜರ್. ಬಕೆಟ್ ಕೊಡುವ ಕೆಲಸ ನನ್ನದು. ಎಷ್ಟು ಜನಕ್ಕೆ ಕೊಟ್ಟಿದ್ದೇನೋ. ಚಾಚಿದ ಕೈಗಳು ನೆನಪಿವೆ, ಮುಖಗಳಿಲ್ಲ.

ಈ ಸಲ ಕೊಡಬೇಕಾಗಿದ್ದುದು ನಮ್ಮ ಕೀಪರಿಗೆ. ವಕ್ಕಲೇರಿಯವನು, ಡೈರಿಗೆ ಹಾಲು ಹಾಕಿ ಅಭ್ಯಾಸಕ್ಕೆ ಬರುವವನು. ಬಲಭುಜ ಮೇಲೇಳುತ್ತಿರಲಿಲ್ಲ. ಮಾಲೂರಿನ ಪಂದ್ಯದಲ್ಲಿ ತಲೆಯ ಮೇಲೆ ಬಂದ ಚೆಂಡನ್ನು ನೋಡುತ್ತಲೇ ನಿಂತ. ಈ ವಯಸ್ಸಿನಲ್ಲಿ ಒಮ್ಮೆ ಕೂರಿಸಿದರೆ ಮತ್ತೆ ಎಬ್ಬಿಸುವುದಿಲ್ಲ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು.

ನನಗೆ ಬಕೆಟ್ ಸಿಕ್ಕಿದ್ದು ಮುಳಬಾಗಿಲಿನಲ್ಲಿ. ಮಾತಾಡದೆ ತೆಗೆದುಕೊಂಡೆ, ಗೆರೆ ಹಾಕಿದೆ, ಕೈ ತೊಳೆದು ಕೂತೆ. ಹೀಗೆಂದು ವರ್ಷಗಟ್ಟಲೆ ಹುಡುಗರಿಗೆ ಹೇಳುತ್ತ ಬಂದಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಒಬ್ಬನೇ ಸಾಕ್ಷಿಯಿರುವ ಕಥೆಯನ್ನು ನಂಬಬಾರದೆಂದು ಕಲಿತವನು ನಾನು. ಈ ಒಂದಕ್ಕೆ ಮಾತ್ರ ಇನ್ನೊಬ್ಬ ಸಾಕ್ಷಿಯನ್ನು ಹುಡುಕಿರಲಿಲ್ಲ.

ಶನಿವಾರ ಹೋಳೂರಿಗೆ ಹೋದೆ. ಆ ಕಾಲದಲ್ಲಿ ನನ್ನ ಮುಂದೆ ಡಿಫೆನ್ಸ್ ಆಡುತ್ತಿದ್ದ ಗೆಳೆಯ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ. ಹುಡುಗರಿಗೆ ಹೇಳುವ ಕಥೆಯನ್ನೇ ಅವನಿಗೂ ಹೇಳಿದೆ.

"ಸುಮ್ನೆ ತಗೊಂಡ್ಯಾ? ಏನ್ಲಾ ಹೇಳ್ತಿದ್ದೀಯ!" ಎಂದು ನಕ್ಕ. "ಗೋಲ್ ಕಂಬದತ್ರ ಬಕೆಟ್ ಬೋರಲಾಕಿ ಅದರ ಮೇಲೇ ಕೂತ್ಬಿಟ್ಟೆ ಕಣೋ. ಸುಣ್ಣ ಎಲ್ಲಾ ನೆಲದ ಪಾಲು. ಗೆರೆ ಇಲ್ದೇನೇ ಮ್ಯಾಚ್ ಶುರು ಮಾಡಿದ್ರು."

"ಮುಳಬಾಗಿಲಲ್ಲಾ?"

"ಲೇ, ಟೇಕಲ್ಲಲ್ಲಿ."

ಊರೂ ತಪ್ಪು. ಅವನ ನೆನಪೂ ನನ್ನದರಷ್ಟೇ ಹಳೆಯದು. ಇದನ್ನು ಹತ್ತಾರು ಕಡೆ ಹೇಳಿ ನಗಿಸಿರಲೂಬಹುದು. ಆದರೂ ವಾಪಸು ಬರುವಾಗ ಬಸ್ಸಿನಲ್ಲಿ ಬಕೆಟ್ಟಿನ ತಳದ ಅಂಚು ತೊಡೆಗೆ ಒತ್ತಿದಂತಾಯಿತು. ಅದು ನೆನಪೋ, ಅವನು ಹೇಳಿದ ಮೇಲೆ ಹುಟ್ಟಿದ್ದೋ ಗೊತ್ತಾಗಲಿಲ್ಲ. ವಿಚಾರಿಸುತ್ತ ಹೋಗುವ ಶಕ್ತಿಯೂ ಉಳಿದಿರಲಿಲ್ಲ.

ಭಾನುವಾರ ಶ್ರೀನಿವಾಸಪುರದಲ್ಲಿ ಪಂದ್ಯ. ಬಕೆಟ್ಟನ್ನು ವ್ಯಾನಿನಲ್ಲೇ ಬಿಟ್ಟು ಕೀಪರನ್ನು ಪಕ್ಕಕ್ಕೆ ಕರೆದೆ. ಇವನಿಗಾದರೂ ಬಾಯಲ್ಲೇ ಹೇಳೋಣ ಎಂದುಕೊಂಡಿದ್ದೆ.

"ನೋಡಪ್ಪ, ನಿನ್ನ ಭುಜ..."

"ಬ್ಯಾಡ ಅಣ್ಣ. ಬಕೆಟ್ ಎಲ್ಲಿ?"

"ಕೂತ್ಕೊಂಡು ಮಾತಾಡೋಣ ಕಣೋ."

"ನೀನು ಮಾತಾಡಿದ್ರೆ ನಾನೂ ಮಾತಾಡ್ಬೇಕಾಗುತ್ತೆ. ಹುಡುಗ್ರೆಲ್ಲ ನೋಡ್ತಾವ್ರೆ. ಕೈಗೇನಾದ್ರೂ ಕೊಡಣ್ಣ."

ತಂದು ಕೊಟ್ಟೆ. ಎಡಗೈಯಲ್ಲಿ ಹಿಡಿದು ಹೊರಟ. ಬಗ್ಗಿ ಸುಣ್ಣ ಸುರಿಯಲು ಭುಜ ಮೇಲೇಳಬೇಕಾಗಿಲ್ಲ. ಗೆರೆ ನೆಟ್ಟಗೇ ಬಂತು. ಗೋಲಿನ ಮುಂದೆ ಮಾತ್ರ ನಿಂತು, ಈ ಕಂಬದಿಂದ ಆ ಕಂಬದವರೆಗೆ ಒಮ್ಮೆ ನೋಡಿದ. ಬಕೆಟ್ ಬೋರಲು ಹಾಕಿಯಾನು ಎಂದು ಕಾದೆ. ಹಾಕಲಿ ಎಂದೂ ಅನ್ನಿಸಿತು.

ಹಾಕಲಿಲ್ಲ. ನಾನು ಇಷ್ಟು ವರ್ಷ ಹುಡುಗರಿಗೆ ಹೇಳುತ್ತ ಬಂದದ್ದನ್ನು ಅವತ್ತು ಕಣ್ಣಾರೆ ನೋಡಿದೆ. ಗೆರೆ ಮುಗಿಸಿ, ಖಾಲಿ ಬಕೆಟ್ಟನ್ನು ನನ್ನ ಪಕ್ಕ ಇಟ್ಟು, ಕೈ ತೊಳೆಯಲು ನೀರು ಕೇಳಿದ.