ಮಣ್ಣೆತ್ತಿನ ಮೇಲಿನ ಹೆಬ್ಬೆರಳು

ಭೀಮಪ್ಪನ ಕೈಯಿಂದ ಹೊರಬಂದ ಬುದ್ಧನ ಮೈಮೇಲೆ ಬೆರಳಿನ ಗುರುತು ಇರುವುದಿಲ್ಲ. ಸಾರನಾಥದ ಹಿಂದಿನ ಓಣಿಯೊಂದರಲ್ಲಿ, ತಗಡಿನ ಮಾಡಿನ ಕಾರ್ಖಾನೆಯಲ್ಲಿ, ಅವನು ಹದಿನೆಂಟು ವರ್ಷಗಳಿಂದ ಮಣ್ಣಿನ ಬುದ್ಧರನ್ನು ಅಚ್ಚಿನಿಂದ ತೆಗೆಯುತ್ತಿದ್ದಾನೆ. ಅಚ್ಚಿಗೆ ಒತ್ತಿದ ಹಸಿಮಣ್ಣಿನ ನೀರನ್ನು ಪ್ಲಾಸ್ಟರ್ ಸದ್ದಿಲ್ಲದೆ ಕುಡಿಯುತ್ತದೆ. ಒಂದೆರಡು ತಾಸಿನಲ್ಲಿ ಮಣ್ಣು ತಾನಾಗಿ ಅಂಚು ಬಿಡುತ್ತದೆ. ಆಗ ಅಚ್ಚಿನ ಎರಡು ಹೋಳುಗಳನ್ನು ಬಿಡಿಸಿ, ನಡುವೆ ಮೂಡಿದ ಗೆರೆಯನ್ನು ಹೆರೆದು, ಒದ್ದೆ ಸ್ಪಂಜಿನಿಂದ ಮೈಯೆಲ್ಲ ಒರೆಸುತ್ತಾನೆ. ಪಕ್ಕದಲ್ಲಿ ಕೂತು ಬಣ್ಣ ಹಚ್ಚುವ ತಾರಾದೇವಿ ತನ್ನ ಭೋಜಪುರಿಯಲ್ಲಿ ಛೇಡಿಸುತ್ತಾಳೆ: "ಭೈಯಾ, ಒರೆಸಿ ಒರೆಸಿ ಒಂದು ದಿನ ದೇವರ ಮೂಗೇ ಇರುವುದಿಲ್ಲ ನೋಡು."

ಅವನು ಬಾಗಲಕೋಟೆ ಕಡೆಯವನು. ಅವ್ವನ ಅಸ್ಥಿಯನ್ನು ಗಂಗೆಗೆ ಬಿಡಲು ಬಂದಿದ್ದ. ಮರುದಿನ ಸಾರನಾಥ ನೋಡಲು ಹೋದಾಗ ಒಂದು ಮಾಳಿಗೆಯ ಮೇಲೆ ನೂರಾರು ಹಸಿ ಬುದ್ಧರು ಕಣ್ಣು ಮುಚ್ಚಿ ಬಿಸಿಲಿಗೆ ಕುಳಿತಿದ್ದರು. ಯಾರಿಗೂ ಎದ್ದು ಹೋಗುವ ಗಡಿಬಿಡಿ ಇರಲಿಲ್ಲ. ನೋಡುತ್ತ ನಿಂತವನ ರೈಲು ತಪ್ಪಿತು. ಆಮೇಲೆ ಎಷ್ಟೋ ರೈಲುಗಳು ಹೋದವು.

ಭಾನುವಾರ ಮಾತ್ರ ಕಾಶಿಯಲ್ಲಿ ದಕ್ಷಿಣದವರು ಇಳಿದುಕೊಳ್ಳುವ ಕೇದಾರ ಘಾಟಿಗೆ ಹೋಗಿ ಇಡ್ಲಿ ತಿನ್ನುತ್ತಾನೆ. ಇಡ್ಲಿ ಒಂದು ನೆಪ, ಕಿವಿಗೆ ಕನ್ನಡ ಬೀಳಬೇಕು. ಪದ್ಮಾಬಾಯಿ ಪರಿಚಯವಾದದ್ದು ಅಲ್ಲಿಯೇ. ಹುನಗುಂದದ ಕಡೆಯ ಎಂಬತ್ತರ ಹತ್ತಿರದ ವಿಧವೆ. ಕೊನೆಯ ದಿನಗಳನ್ನು ಕಾಶಿಯಲ್ಲಿ ಕಳೆಯಲೆಂದು ಬಂದು, ಘಾಟಿನ ಮೇಲಿನ ಒಂದು ಕೋಣೆಯಲ್ಲಿದ್ದಾರೆ.

ಊರ ಕಡೆ ಮಣ್ಣಿನ ಎತ್ತು ಮಾಡಿ ಪೂಜಿಸುವ ಜ್ಯೇಷ್ಠ ಮಾಸದ ಅಮಾವಾಸ್ಯೆ ಹತ್ತಿರ ಬಂದಾಗ ಪದ್ಮಾಬಾಯಿ ಅವನ ಮುಂದೆ ಒಂದು ಗಂಟು ಬಿಚ್ಚಿದರು. ಒಳಗೆ ಗೇಣಿಗಿಂತ ಚಿಕ್ಕದಾದ, ಸುಟ್ಟಮಣ್ಣಿನ ಒಂದು ಎತ್ತು. ಒಂದು ಕೊಂಬು ಮೊಂಡು. ಡುಬ್ಬದ ಮೇಲೆ ಪುಟ್ಟ ಹೆಬ್ಬೆರಳು ಒತ್ತಿದ ಗುಳಿ.

"ನಮ್ಮ ವಸಂತಾ ಮಾಡಿದ್ದು. ಐದು ವರ್ಷದಾಕಿ ಇದ್ದಳು," ಎಂದರು. "ಮಣ್ಣೆತ್ತಿನ ಅಮಾಸಿ ಪೂಜಿ ಆದಮ್ಯಾಲೆ ನೀರಿಗೆ ಬಿಡೂದು ನಮ್ಮನಿ ಪದ್ಧತಿ. ಇದೊಂದು ಬಿಡಬ್ಯಾಡ ಅಂತ ಅತ್ತಳು. ಅವರಪ್ಪ ಇಟ್ಟಂಗಿ ಭಟ್ಟಿಯೊಳಗ ಇಟ್ಟು ಸುಡಿಸಿಕೊಂಡು ಬಂದರು. ಬ್ಯಾಸಗಿ ಬರೂದ್ರಾಗ ಆಕಿನ ಹೋದಳು, ಜ್ವರ ಬಂದು."

ಐವತ್ತು ವರ್ಷ ಅದು ಅವರ ಪೆಟ್ಟಿಗೆಯಲ್ಲಿತ್ತು. ಪೂಜೆಗೊಂಡದ್ದನ್ನು ನೀರಿಗೆ ಬಿಡದೆ ತಾನು ಹೋಗಬಾರದು, ಈ ಅಮಾವಾಸ್ಯೆಗೆ ಗಂಗೆಗೆ ಬಿಡಬೇಕು ಎನ್ನುವುದು ಈಗ ಅವರ ಮನಸ್ಸು. ಆದರೆ ಆ ಹೆಬ್ಬೆರಳಿನ ಗುರುತು?

"ಇಂಥಾದ್ದ ಇನ್ನೊಂದು ಮಾಡಿಕೊಡ್ತೀಯೇನೋ ಭೀಮಪ್ಪ?"

"ಅದೇನ್ ದೊಡ್ಡ ಮಾತ್ರಿ ಬಾಯಾರ. ನಮ್ಮ ಕಸಬ ಅದು."

ಅಂದೇ ಮಧ್ಯಾಹ್ನ ಖಾಲಿ ಕಾರ್ಖಾನೆಯಲ್ಲಿ ಎತ್ತಿಗೆ ಸಾಬೂನು ನೀರು ಸವರಿ, ಅರ್ಧ ಮೈಯನ್ನು ಮಣ್ಣಿನಲ್ಲಿ ಹುದುಗಿಸಿ, ಉಳಿದರ್ಧದ ಮೇಲೆ ಪ್ಲಾಸ್ಟರ್ ಸುರಿದ. ಅದು ಗಟ್ಟಿಯಾದ ಮೇಲೆ ಇನ್ನೊಂದು ಮಗ್ಗುಲು. ಬಿಡಿಸಿದಾಗ ಅಚ್ಚಿನ ಹೋಳುಗಳು ಇನ್ನೂ ಬೆಚ್ಚಗಿದ್ದವು. ಕಿಟಕಿಯ ಬಿಸಿಲಲ್ಲಿ ಪ್ಲಾಸ್ಟರಿನ ಹುಡಿ ತೇಲುತ್ತಿತ್ತು. ಅವನಿಗೆ ತನ್ನ ಅವ್ವ ಹೊಲದ ಬದುವಿನಲ್ಲಿ ಕೂತು ಎತ್ತು ತಿದ್ದುತ್ತಿದ್ದುದು ಕಂಡಿತು. ಒದ್ದೆ ಮಣ್ಣಿನ ವಾಸನೆಯೂ ಬಂತು. ಕಣ್ಣು ಅಲ್ಲೆಲ್ಲೋ ಇದ್ದಾಗ ಕೈ ತನ್ನ ಕೆಲಸ ತಾನು ಮಾಡುತ್ತಿತ್ತು. ಮೂಲಮೂರ್ತಿಯಲ್ಲಿ ಗುಳಿ ಬಿದ್ದಿದ್ದರೆ ಅಚ್ಚಿನಲ್ಲಿ ಅದು ಉಬ್ಬಾಗಿ ಬರುತ್ತದೆ. ಅಂಥ ಉಬ್ಬು ಸಿಕ್ಕಲ್ಲೆಲ್ಲ ಚಾಕುವಿನಿಂದ ಕೆತ್ತಿ ಸಮ ಮಾಡುವುದು ಹದಿನೆಂಟು ವರ್ಷದ ಅಭ್ಯಾಸ. ಕೆತ್ತಿದ. ಊದಿದ. ಅಚ್ಚನ್ನು ಒಣಗಲು ಬಿಸಿಲಿಗಿಟ್ಟ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಮಣ್ಣು ಒತ್ತಿ, ಕಾದು, ಅಚ್ಚು ಬಿಡಿಸಿದ. ಮೊಂಡು ಕೊಂಬಿನ ಎತ್ತು ಹಾಗೇ ಬಂದಿತ್ತು. ಡುಬ್ಬ ಮಾತ್ರ ಬುದ್ಧನ ಹೆಗಲಿನ ಹಾಗೆ ನುಣ್ಣಗಿತ್ತು.

ಹೊಸ ಅಚ್ಚು ಮಾಡಿ ಒಣಗಿಸಲು ಮೂರು ದಿನ ಬೇಕು. ಹಸಿ ಎತ್ತನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹಳೆಯದನ್ನು ಎದೆಗವಚಿಕೊಂಡು ಆಟೋ ಹತ್ತಿದ. ಘಾಟಿನ ಹಿಂದಿನ ಸೋನಾರ್‌ಪುರದಲ್ಲಿಳಿದು ಗಲ್ಲಿಗಳಲ್ಲಿ ನಡೆದ. ಪದ್ಮಾಬಾಯಿ ಆಗಲೇ ಘಾಟಿನ ಕೆಳಗಿನ ಮೆಟ್ಟಿಲಲ್ಲಿ ದೀಪ ಹಚ್ಚಿಟ್ಟುಕೊಂಡು ಕೂತಿದ್ದರು.

"ಬಾಯಾರ, ತಪ್ಪಾಗೇತ್ರಿ," ಎಂದು ಎರಡನ್ನೂ ಅವರ ಮುಂದಿಟ್ಟ. "ಹುಡುಗಿ ಬೆರಳ ನಾನ ಕೆತ್ತಿಬಿಟ್ಟೆ."

ಅವರು ಹಸಿ ಎತ್ತಿನ ಡುಬ್ಬದ ಮೇಲೆ ಕೈಯಾಡಿಸಿದರು. ಹಳೆಯದರ ಗುಳಿಯಲ್ಲಿ ತಮ್ಮ ಕಿರುಬೆರಳಿಟ್ಟರು. ಅಲ್ಲಿ ಹೊಂದುವುದು ಅದೊಂದೇ ಬೆರಳು.

"ಮುಂದಿನ ವರ್ಷ ಬಿಡೂಣ್ರಿ. ಅಷ್ಟರೊಳಗ ಚಂದಗೆ ಮಾಡಿಕೊಡ್ತೀನಿ."

"ಮುಂದಿನ ವರ್ಷ ಅಮಾಸಿ ಬರ್ತದ. ನಾ ಎಲ್ಲಿರ್ತೀನೋ," ಎಂದು ಅವರು ಹಳೆಯ ಎತ್ತನ್ನೆತ್ತಿಕೊಂಡು ನೀರಿನ ಕಡೆ ತಿರುಗಿದರು.

ತಾನು ಕೆತ್ತಿ ಊದಿದ ಉಬ್ಬು ಆಗ ಭೀಮಪ್ಪನ ಕಣ್ಣ ಮುಂದೆ ಬಂತು. ಗುಳಿಯ ಅಚ್ಚು ಅದು. ಹಾಗಾದರೆ ಅದರ ಆಕಾರ ಗುಳಿಯದ್ದಲ್ಲ, ಬೆರಳಿನದೇ.

"ಒಂದ್ ಗಳಿಗಿ ತಡೀರಿ."

ದೀಪದ ಎಣ್ಣೆಯನ್ನು ಬತ್ತಿಯ ಉರಿಯದ ತುದಿಯಿಂದ ತೆಗೆದು ಹಳೆಯ ಎತ್ತಿನ ಗುಳಿಗೆ ಸವರಿದ. ಹಸಿ ಎತ್ತಿನ ನುಣುಪು ಡುಬ್ಬದಿಂದ ಒಂದು ಚಿಟಿಕೆ ಮಣ್ಣು ಮುರಿದು, ನಾದಿ, ಗುಳಿಯೊಳಗೆ ಒತ್ತಿದ. ಸುಟ್ಟಮಣ್ಣು ನೀರು ಕುಡಿಯುವಷ್ಟು ಹೊತ್ತು ಇಬ್ಬರೂ ಕಾದರು. ದೋಣಿಯೊಂದು ಹೋಯಿತು. ಅದರ ಅಲೆ ಬಂದು ಮೆಟ್ಟಿಲಿಗೆ ತಾಗಿ ಹಿಂದೆ ಸರಿಯಿತು. ಅವನು ಮಣ್ಣನ್ನು ಅಂಚಿನಿಂದ ಮೆಲ್ಲಗೆ ಎಬ್ಬಿಸಿದ.

ಅವರ ಅಂಗೈ ಮೇಲೆ ಮಗುವಿನ ಹೆಬ್ಬೆರಳಿನ ತುದಿ ಬಿದ್ದಿತ್ತು. ಉಗುರಿಲ್ಲದ, ದುಂಡನೆಯ, ತಂಪಾದ ತುದಿ. ಮೇಲೆ ಕೂದಲೆಳೆಯಂಥ ಸುತ್ತುಗೆರೆಗಳಿದ್ದವು.

ಪದ್ಮಾಬಾಯಿ ಬಹಳ ಹೊತ್ತು ನೋಡಿದರು. "ಇದರ ಗುರುತ ಇಟಗೊಂಡಿದ್ದೆ ಇಷ್ಟು ವರ್ಷ," ಎಂದರು.

ಬೆರಳನ್ನು ಅವನ ಕೈಗಿಟ್ಟು, ಹಳೆಯ ಎತ್ತನ್ನು ಅವರೇ ಎರಡೂ ಕೈಯಿಂದ ನೀರಿಗಿಳಿಸಿದರು. ಅದು ಮುಳುಗುವಾಗ ಡುಬ್ಬದ ಗುಳಿಯಿಂದ ಎಣ್ಣೆಯ ಒಂದು ಬೊಟ್ಟು ಮೇಲೆ ಬಂದು, ಬಣ್ಣಬಣ್ಣವಾಗಿ ಹರಡಿ, ಹರಿದುಹೋಯಿತು.

"ಇದನ್ನ ಸುಡಬೇಕೇನು?" ಎಂದು ಆ ಬೆರಳನ್ನು ತೋರಿಸಿ ಕೇಳಿದರು.

"ಸುಡದಿದ್ರ ಪುಡಿಯಾಗತೈತ್ರಿ. ಸುಟ್ರ ಒಂದೀಟು ಸಣ್ಣದಾಗತೈತಿ. ಹತ್ತರಾಗ ಒಂದು ಪಾಲು."

"ಅಂದ್ರ ನಾಕೂವರಿ ವರ್ಷದಾಕಿ ಆಗ್ತಾಳ," ಎಂದು ಅವರು ಲೆಕ್ಕ ಹಾಕಿದರು. "ಆಗಲಿ. ಆಗ ಇನ್ನೂ ಜ್ವರ ಬಂದಿರಲಿಲ್ಲ."

ಭೀಮಪ್ಪ ಆ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿಟ್ಟುಕೊಂಡ. ಸೋನಾರ್‌ಪುರದಿಂದ ಸಾರನಾಥದ ತನಕ ಆಟೋ ಕುಲುಕುತ್ತಲೇ ಇತ್ತು. ಅವನು ಡಬ್ಬಿಯ ಮುಚ್ಚಳದ ಮೇಲಿಂದ ಕೈ ತೆಗೆಯಲಿಲ್ಲ.