ಪುಸ್ತಕಕ್ಕೆ ಕಾಲು ತಗುಲಿದಾಗ

ಇವತ್ತು ಬೆಳಗ್ಗೆ ಶಿರಾ ಗೇಟ್ ಹತ್ತಿರದ ನಮ್ಮ ಮನೆಯಲ್ಲಿ, ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ನನ್ನ ಬಲಗಾಲಿನ ಹೆಬ್ಬೆರಳು ಸೆಟೆದುಕೊಂಡಿತು. ಯಜಮಾನರು ಗಾಬರಿಯಿಂದ ಎಣ್ಣೆ ಬಾಟಲಿ ತಂದರು. ನಾನು ಗೋಡೆ ಹಿಡಿದು, ಒಂಟಿಕಾಲಲ್ಲಿ ನಿಂತು ಕಿಸಕಿಸ ನಗುತ್ತಿದ್ದೆ. "ನೋವಾದ್ರೆ ಅಳ್ತಾರೆ ಕಣೇ, ನಗಲ್ಲ" ಎಂದರು. ಪುಸ್ತಕದ ಪುಟ ತಿರುಗಿಸಲು ಹೋಗಿ ಇದೇ ಹೆಬ್ಬೆರಳು ಒಮ್ಮೆ ಹೀಗೇ ಸೆಟೆದುಕೊಂಡದ್ದು ನೆನಪಾದರೆ, ನೀವೇ ಹೇಳಿ, ಅಳುವುದು ಹೇಗೆ?

ಪೂರ್ತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ತಲೆ ಕೆಟ್ಟಿದೆ ಎಂದುಕೊಂಡೀರಿ. ಹತ್ತು ವರ್ಷದ ಹಿಂದೆ ನಾವು ನಾಲ್ವರು ಗೆಳತಿಯರು ಸೇರಿ ಗುಬ್ಬಿಯಲ್ಲಿ ಒಂದು ಮಕ್ಕಳ ಲೈಬ್ರರಿ ಶುರು ಮಾಡಿದೆವು. ಸಿಕ್ಕಿದ್ದು ಹಳೆಯ ಕೊಬ್ಬರಿ ಮಂಡಿಯ ಕೋಣೆ. ಎಷ್ಟು ತೊಳೆದರೂ ಕೊಬ್ಬರಿಯ ವಾಸನೆ ಹೋಗಲಿಲ್ಲ. ಮಕ್ಕಳಿಗಿಂತ ಮೊದಲು ಬಂದು ಸೇರಿದ ಸದಸ್ಯರು ಇರುವೆಗಳು. ಬಾಗಿಲಿಗೆ 'ಎಲ್ಲ ಮಕ್ಕಳಿಗೂ ಸ್ವಾಗತ' ಎಂದು ಬೋರ್ಡು ಬರೆಸಿದವಳು ನಾನೇ. ಅದರ ಪಕ್ಕದಲ್ಲೇ ಓಡಬೇಡಿ, ಕೂಗಬೇಡಿ, ಎಂಜಲು ಹಚ್ಚಿ ಪುಟ ತಿರುಗಿಸಬೇಡಿ ಎಂದು ಹನ್ನೊಂದು 'ಬೇಡಿ'ಗಳನ್ನು ಅಂಟಿಸಿದವಳೂ ನಾನೇ. ಬೇಡಿ ಎಂಬ ಮಾತಿಗೆ ಕೈಕಾಲಿಗೆ ಹಾಕುವ ಇನ್ನೊಂದು ಅರ್ಥವೂ ಇದೆಯೆಂದು ಆಗ ಹೊಳೆದಿರಲಿಲ್ಲ.

ಒಂದು ಸಂತೆಯ ದಿನ ಹತ್ತಿರದ ಕಡಬದಿಂದ ಪುಟ್ಟಗೌರಮ್ಮ ಎಂಬ ಅಜ್ಜಿ ತಮ್ಮ ಮೊಮ್ಮಗಳನ್ನು ಕರೆದುಕೊಂಡು ಬಂದರು. ಹಣೆ ತುಂಬ ವಿಭೂತಿ, ಹೆಗಲಲ್ಲಿ ಸಂತೆಯ ಚೀಲ. ಮೊಮ್ಮಗಳು ಸಿಂಚನಾಗೆ ಎಂಟು ವರ್ಷ. ಅವಳ ಎರಡು ಕೈಗಳೂ ಹುಟ್ಟಿನಿಂದಲೇ ಅವಳ ಮಾತು ಕೇಳುತ್ತಿರಲಿಲ್ಲ. ಆ ಬಾಕಿಯನ್ನೆಲ್ಲ ಬಾಯಿ ತೀರಿಸುತ್ತಿತ್ತು.

"ಒಂದ್ ಗಳಿಗೆ ಇಲ್ಲಿ ಕೂತಿರ್ಲಿ ಮೇಡಮ್ಮೋರೆ, ಸೊಪ್ಪು ತಕೊಂಡ್ ಬಂದ್ಬುಡ್ತೀನಿ" ಎಂದು ಅಜ್ಜಿ ಹೋದರು. ನಾನು ಏಳೆಂಟು ಮಕ್ಕಳು ಓದುತ್ತಿದ್ದ ಚಾಪೆಯ ಮೇಲೆ ಅವಳ ಮುಂದೆ ಕಳೆದುಹೋದ ಆನೆಮರಿಯ ಕಥೆಯೊಂದನ್ನು ತೆರೆದಿಟ್ಟು, "ಪುಟ ತಿರುಗಿಸ್ಬೇಕಾದ್ರೆ ಕರಿಯಮ್ಮ" ಎಂದು ಹೇಳಿ ಕಪಾಟು ಜೋಡಿಸಲು ಹೋದೆ. ಅವಳು ಕರೆಯಲೇ ಇಲ್ಲ. ಒಂದೇ ಪುಟವನ್ನು ಇಷ್ಟು ಹೊತ್ತು ಓದುತ್ತಾಳಲ್ಲ, ಎಂಥ ಏಕಾಗ್ರತೆ ಎಂದು ಮೆಚ್ಚಿಕೊಂಡು ತಿರುಗಿ ನೋಡಿದರೆ, ಹುಡುಗಿ ಕಾಲಿನ ಹೆಬ್ಬೆರಳಿನಿಂದ ಪುಟದ ತುದಿ ಎತ್ತಿ, ಪಕ್ಕದ ಬೆರಳಲ್ಲಿ ಹಿಡಿದು, ನವಿರಾಗಿ ಮಗುಚುತ್ತಿದ್ದಾಳೆ!

ಪುಸ್ತಕಕ್ಕೆ ಕಾಲು ತಗುಲಿದರೆ ನಾವು ಏನು ಮಾಡುತ್ತೇವೆಂದು ನಿಮಗೆ ಗೊತ್ತಲ್ಲ. ನಿದ್ದೆಗಣ್ಣಲ್ಲಿ ತಗುಲಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ನಾನು ಯೋಚನೆಯನ್ನೇ ಮಾಡಲಿಲ್ಲ. ಒಂದೇ ನೆಗೆತಕ್ಕೆ ಹೋಗಿ ಪುಸ್ತಕ ಕಿತ್ತುಕೊಂಡು ಕಣ್ಣಿಗೆ ಒತ್ತಿಕೊಂಡೆ. ಕನ್ನಡಕ ಹಾಕಿದ್ದು ಮರೆತೇಹೋಗಿತ್ತು. ಅದರ ಕಡ್ಡಿ ಬಾಗಿತು. ಸೊಪ್ಪು ಹಿಡಿದು ಬಂದ ಅಜ್ಜಿಯೂ ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತು ಕೆನ್ನೆ ಕೆನ್ನೆ ಬಡಿದುಕೊಂಡರು. "ಶಿವ ಶಿವಾ! ಸರಸ್ವತಿ ಕಣೇ ಅದು! ತಪ್ಪಾಯ್ತು ಮೇಡಮ್ಮೋರೆ, ಇನ್ಮ್ಯಾಕೆ ಇವ್ಳನ್ನ ಕರ್ಕೊಂಡ್ ಬರಾಕಿಲ್ಲ."

ನಾವಿಬ್ಬರೂ ಹೀಗೆ ಪೈಪೋಟಿಯ ಮೇಲೆ ಪಾಪ ಕಳೆದುಕೊಳ್ಳುತ್ತಿರುವಾಗ ಸಿಂಚನಾ ಕಿರುಚಿದಳು: "ಮಿಸ್, ಇನ್ನೊಂದೇ ಪುಟ ಇತ್ತು! ಮರಿಗೆ ಅವ್ರಮ್ಮ ಸಿಕ್ತೋ ಇಲ್ವೋ?"

ನನಗೆ ನಾಚಿಕೆಯಾಯಿತು. ಪುಸ್ತಕದ ಚಿಂತೆ ನಮ್ಮಿಬ್ಬರಿಗಿತ್ತು, ಕಥೆಯ ಚಿಂತೆ ಇದ್ದದ್ದು ಅವಳೊಬ್ಬಳಿಗೇ. ಅಜ್ಜಿ ಆಗಲೇ ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದ್ದರು. ಈಗ ಹೋದರೆ ಈ ಹುಡುಗಿ ಮತ್ತೆ ಯಾವ ಲೈಬ್ರರಿಯ ಹೊಸ್ತಿಲನ್ನೂ ತುಳಿಯುವುದಿಲ್ಲ ಎನಿಸಿತು. ಪುಸ್ತಕವನ್ನು ಅವಳ ಕಾಲ ಬಳಿ ಮತ್ತೆ ತೆರೆದಿಟ್ಟೆ.

"ಕಾಲು ತಾಕ್ತದಲ್ಲ?" ಎಂದರು ಅಜ್ಜಿ.

ತಾಕಲಿ ಎನ್ನುವಷ್ಟು ಧೈರ್ಯ ನನಗೆಲ್ಲಿ? "ಅವಳ ಪರವಾಗಿ ನೀವೇ ನಮಸ್ಕಾರ ಮಾಡ್ಬಿಡಿ ಅಜ್ಜಿ" ಎಂದೆ. ಅಜ್ಜಿಗೆ ಅದು ನ್ಯಾಯವಾಗಿ ಕಂಡಿತು. ಚೀಲ ಇಳಿಸಿ ಪಕ್ಕದಲ್ಲಿ ಕೂತರು.

ಆನೆಮರಿಗೆ ಅಮ್ಮ ಸಿಕ್ಕಿತು. ಹುಡುಗಿ ಇನ್ನೊಂದು ಪುಸ್ತಕ ಕೇಳಿದಳು. ಅವಳು ಜೋರಾಗಿ ಓದಿ, ಬೆರಳಲ್ಲಿ ಪುಟ ಮಗುಚಿದಾಗಲೆಲ್ಲ ಅಜ್ಜಿ ಪುಸ್ತಕ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಪುಟಕ್ಕೊಂದು ನಮಸ್ಕಾರ. "ನಿಧಾನ ಓದೇ, ಕೈ ಸೋತೋಯ್ತು" ಎಂದು ಬೈದರು. ಹತ್ತನೆಯ ಪುಟದ ಹತ್ತಿರ ಅಜ್ಜಿಯ ಕೈ ಪುಸ್ತಕಕ್ಕೂ ಕಣ್ಣಿಗೂ ನಡುವೆ ಗಾಳಿಯಲ್ಲೇ ನಿಂತುಹೋಯಿತು. "ಆಮೇಲ್ ಏನಾಯ್ತು ಮಗಾ?"

ಅಷ್ಟರಲ್ಲಿ ಉಳಿದ ಮಕ್ಕಳೆಲ್ಲ ಪುಸ್ತಕ ನೆಲಕ್ಕಿಟ್ಟು ಕಾಲು ಚಾಚಿ ಕೂತಿದ್ದರು. ಕೋಣೆ ತುಂಬ ಹೆಬ್ಬೆರಳುಗಳು! ಒಬ್ಬರಿಗೂ ಒಂದು ಪುಟ ಎತ್ತಲಾಗಲಿಲ್ಲ. ಸಿಂಚನಾ ಮೇಷ್ಟರ ಗತ್ತಿನಲ್ಲಿ ಹೇಳಿಕೊಡುತ್ತಿದ್ದಳು. ನನಗೂ ಹುಮ್ಮಸ್ಸು ಬಂದು ಸೀರೆಯ ನೆರಿಗೆ ಸರಿಮಾಡಿಕೊಂಡು ಕಾಲು ಚಾಚಿದೆ. ಬೆರಳು ಸೆಟೆದುಕೊಂಡಿತು, ನಾನು ಅಯ್ಯಯ್ಯೋ ಎಂದು ಚಾಪೆಯ ಮೇಲೆ ಉರುಳಿದೆ. ಹನ್ನೊಂದು ನಿಯಮ ಬರೆದ ಮಿಸ್ಸು ಕೂಗಿದ್ದು ಕಂಡು ಮಕ್ಕಳಿಗೆ ಹಬ್ಬ. ಅಜ್ಜಿ ನನ್ನ ಬೆರಳು ನೀವುತ್ತಾ, "ಇದು ನಿಮ್ಗೆ ಬರಾಕಿಲ್ಲ ಬುಡಿ ಮೇಡಮ್ಮೋರೆ" ಎಂದರು.

ಮುಂದಿನ ಸಂತೆಗೆ ಅಜ್ಜಿ ಮೊಮ್ಮಗಳ ಪಾದ ತಿಕ್ಕಿ ತೊಳೆದು, ಉಗುರು ಕತ್ತರಿಸಿ, ಸರಸ್ವತಿಗೆ ಮರ್ಯಾದೆ ಎಂದು ಅರಿಶಿನವನ್ನೂ ಹಚ್ಚಿ ಕರೆತಂದರು. ಆ ವರ್ಷದ ನಮ್ಮ ಎಲ್ಲ ಪುಸ್ತಕಗಳ ಮೂಲೆಯಲ್ಲೂ ಹಳದಿ ಕಲೆಗಳಿವೆ. 'ಬೇಡಿ'ಗಳನ್ನು ನಾನೇ ಕಿತ್ತುಹಾಕಿದೆ.

ಇವತ್ತು ನಾನು ಹೊರಟದ್ದೂ ಗುಬ್ಬಿಗೇ. ಭಾನುವಾರಗಳಂದು ಅಲ್ಲಿ ಮಕ್ಕಳು, ಅಪ್ಪ ಅಮ್ಮ, ಅಜ್ಜಿ ತಾತ ಎಲ್ಲರೂ ಸೇರಿ ಕಥೆ ಓದುತ್ತಾರೆ. ನಡೆಸುವವಳು ಸಿಂಚನಾ, ಈಗ ಅವಳಿಗೆ ಹದಿನೆಂಟು, ಬಾಯಿ ಹಾಗೇ ಇದೆ. ನಾನು ಹೋದಾಗ ಓದು ರಂಗೇರಿತ್ತು. ಕಿವಿ ಕೇಳದ ಒಬ್ಬ ಹುಡುಗಿಗೆ ಅವಳ ತಾಯಿ ಕೈಸನ್ನೆಯಲ್ಲಿ ಕಥೆ ಹೇಳುತ್ತಿದ್ದರು. ಒಂದು ಮಗು ಕೂರಲೊಲ್ಲದೆ ಕೋಣೆಯನ್ನು ಸುತ್ತುತ್ತಲೇ ಕೇಳುತ್ತಿತ್ತು. ನನ್ನ ಪಕ್ಕದಲ್ಲಿ, ತಾಯಿಯ ಮಡಿಲಲ್ಲಿದ್ದ ಒಂದು ವರ್ಷದ ಹೆಣ್ಣುಕೂಸು ಹೊಸ ಪುಸ್ತಕದ ಮೂಲೆಯನ್ನು ಬಾಯಿಗೆ ಹಾಕಿ ಚಪ್ಪರಿಸುತ್ತಿತ್ತು. ನನ್ನ ಕೈ ತಾನಾಗಿಯೇ ಪುಸ್ತಕದ ಕಡೆ ಹೋಯಿತು.

ಸಿಂಚನಾ ಓದುವುದನ್ನು ನಿಲ್ಲಿಸಿ ನನ್ನತ್ತ ನೋಡಿದಳು.

"ಬುಡಿ ಮಿಸ್, ಅವ್ಳು ಓದ್ತಾವ್ಳೆ."